ಕೆನ್ನೆಯ ಊತ, ಆರಿದ ಬಾಯಿ

ಕನ್ನಡದಲ್ಲಿ ನೀರು ಬೇಕೆನ್ನಿಸುವುದಕ್ಕೂ ಬಾಯಿ ಒಣಗುವುದಕ್ಕೂ ನಾವು ಬಳಸುವುದು ಒಂದೇ ಮಾತು. ಬಾಯಿ ಆರುವುದೇ ಬಾಯಾರಿಕೆ. ದಿನಬಳಕೆಯಲ್ಲಿ ಇದರಿಂದ ತೊಂದರೆಯೇನೂ ಇಲ್ಲ. ಆದರೆ ಆಸ್ಪತ್ರೆಯ ಕೋಣೆಯೊಳಗೆ ಈ ಒಂದು ಮಾತು ಎರಡು ಬೇರೆ ದೂರುಗಳನ್ನು ಬೆರೆಸಿಬಿಡುತ್ತದೆ. 'ತುಂಬಾ ಬಾಯಿ ಆರ್ತದೆ ಡಾಕ್ಟ್ರೇ' ಎಂದು ಒಬ್ಬರು ಹೇಳಿದರೆ ಎದುರಿಗೆ ಕುಳಿತವರು ಅದನ್ನು ದಾಹವೆಂದು ಕೇಳಿಸಿಕೊಳ್ಳುತ್ತಾರೆ, ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತಪರೀಕ್ಷೆಗೆ ಬರೆದುಕೊಡುತ್ತಾರೆ, ಸಕ್ಕರೆ ಸರಿಯಿದ್ದರೆ 'ನೀರು ಚೆನ್ನಾಗಿ ಕುಡಿಯಿರಿ' ಎಂದು ಕಳುಹಿಸುತ್ತಾರೆ. ಸಕ್ಕರೆಯನ್ನು ನೋಡಬೇಕಾದದ್ದೇ. ಆದರೆ ಆ ರೋಗಿ ಹೇಳಲು ಬಂದದ್ದು, ಎಷ್ಟು ನೀರು ಕುಡಿದರೂ ತಮ್ಮ ಬಾಯಿ ಒದ್ದೆಯಾಗಿ ನಿಲ್ಲುವುದಿಲ್ಲ ಎಂಬುದನ್ನು. ಅವರಲ್ಲಿ ಕಡಿಮೆಯಾಗಿದ್ದದ್ದು ಜೊಲ್ಲು.

ಕೆನ್ನೆಯ ಊತದ ವಿಷಯದಲ್ಲಿಯೂ ಇದೇ ಆಗುತ್ತದೆ. ಕಿವಿಯ ಕೆಳಗೆ ಊದಿಕೊಂಡರೆ ಮನೆಯ ಹಿರಿಯರು ಮಂಗನಬಾವು ಎನ್ನುತ್ತಾರೆ, ಹಲ್ಲಿನ ವೈದ್ಯರು ಹಲ್ಲಿನಿಂದ ಬಂದ ಬಾವೇ ಎಂದು ಹುಡುಕುತ್ತಾರೆ, ಶಸ್ತ್ರವೈದ್ಯರು ಗಡ್ಡೆಯ ಯೋಚನೆಯಲ್ಲಿರುತ್ತಾರೆ. ಇಂದು ಈ ಸಭೆಯಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಜೊಲ್ಲುಗ್ರಂಥಿ ಊದಿಕೊಳ್ಳುವುದೂ ಬಾಯಿ ಒಣಗುವುದೂ ಚಿಹ್ನೆಗಳು, ಅವುಗಳ ಹಿಂದೆ ವೈರಸ್ ಇರಬಹುದು, ಕೀವು ಇರಬಹುದು, ಕಲ್ಲಿರಬಹುದು, ನಮ್ಮದೇ ರಕ್ಷಣಾ ಕಣಗಳ ದಾಳಿಯಿರಬಹುದು, ಮತ್ತು ಈ ಬೇರೆ ಬೇರೆ ಸಂಗತಿಗಳನ್ನು ವೈದ್ಯಶಾಸ್ತ್ರವೇ ಒಂದೂಕಾಲು ಶತಮಾನದ ಕಾಲ ಒಂದಕ್ಕೊಂದು ಬೆರೆಸುತ್ತ, ಬಿಡಿಸುತ್ತ ಬಂದಿದೆ.

ಮೊದಲು ಗ್ರಂಥಿಗಳು ಎಲ್ಲಿವೆ ಎಂಬುದನ್ನು ನಿಮ್ಮ ಕೈಯಿಂದಲೇ ಕಂಡುಕೊಳ್ಳಿ. ಕಿವಿಯ ಹಾಲೆಯ ಮುಂದೆ ಮತ್ತು ಕೆಳಗೆ ಬೆರಳಿಟ್ಟರೆ ಅಲ್ಲಿ ಪರೋಟಿಡ್ ಗ್ರಂಥಿ ಇದೆ. ಮೂರು ಜೋಡಿಗಳಲ್ಲಿ ದೊಡ್ಡದು ಇದು. ದವಡೆ ಎಲುಬಿನ ಅಡಿಯಲ್ಲಿ, ಗದ್ದದಿಂದ ಸ್ವಲ್ಪ ಹಿಂದಕ್ಕೆ ಎರಡನೆಯ ಜೋಡಿ. ಮೂರನೆಯದು ನಾಲಗೆಯ ಕೆಳಗೆ, ಬಾಯಿಯ ನೆಲದಲ್ಲಿ. ಇವಲ್ಲದೆ ತುಟಿ, ಕೆನ್ನೆ, ಅಂಗುಳಗಳ ಒಳಪದರದಲ್ಲಿ ನೂರಾರು ಕಿರುಗ್ರಂಥಿಗಳು ಹರಡಿಕೊಂಡಿವೆ. ಕೆಳತುಟಿಯ ಒಳಭಾಗವನ್ನು ನಾಲಗೆಯ ತುದಿಯಿಂದ ಸವರಿದರೆ ಮಣಿಮಣಿಯಾಗಿ ತಗಲುವುದು ಇವೇ. ಈ ಕಿರುಗ್ರಂಥಿಗಳನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತವೆ.

ದೊಡ್ಡ ಗ್ರಂಥಿಗಳಿಂದ ಬಾಯಿಗೆ ನಾಳಗಳಿವೆ. ಪರೋಟಿಡ್‌ನ ನಾಳ ಮೇಲಿನ ಎರಡನೆಯ ದವಡೆಹಲ್ಲಿನ ಎದುರಿಗೆ ಕೆನ್ನೆಯ ಒಳಗಡೆ ತೆರೆದುಕೊಳ್ಳುತ್ತದೆ. ಅದನ್ನು 1660ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕುರಿಯ ತಲೆಯೊಂದನ್ನು ಬಿಡಿಸುತ್ತಿದ್ದಾಗ ಕಂಡವನು ನೀಲ್ಸ್ ಸ್ಟೆನ್ಸೆನ್ ಎಂಬ ಡೇನಿಷ್ ವಿದ್ಯಾರ್ಥಿ. ಪಾಠ ಹೇಳುತ್ತಿದ್ದ ಗುರುವೇ ಈ ಶೋಧ ತನ್ನದೆಂದು ವಾದಿಸಿದ. ಆದರೂ ಇಂದು ನಾಳಕ್ಕಿರುವುದು ಶಿಷ್ಯನ ಹೆಸರು. ಅದೇ ಸ್ಟೆನ್ಸೆನ್ ಮುಂದೆ ಬಂಡೆಗಳ ಪದರಗಳನ್ನು ಅಭ್ಯಾಸ ಮಾಡಿ ಭೂವಿಜ್ಞಾನಕ್ಕೆ ತಳಪಾಯ ಹಾಕಿದ, ಕೊನೆಗೆ ಕ್ಯಾಥೊಲಿಕ್ ಬಿಷಪ್ ಆದ. ದವಡೆಯಡಿಯ ಗ್ರಂಥಿಯ ನಾಳಕ್ಕೆ ಥಾಮಸ್ ವಾರ್ಟನ್ ಎಂಬ ಇಂಗ್ಲಿಷ್ ವೈದ್ಯನ ಹೆಸರಿದೆ; ಅವನು ಅದನ್ನು ವರ್ಣಿಸಿದ್ದು 1656ರಲ್ಲಿ. ಕನ್ನಡಿಯ ಮುಂದೆ ನಿಂತು ನಾಲಗೆಯನ್ನು ಎತ್ತಿದರೆ ಅದರ ನಡುದಾರದ ಎರಡೂ ಪಕ್ಕಕ್ಕೆ ಕಾಣುವ ಸಣ್ಣ ಉಬ್ಬುಗಳೇ ಆ ನಾಳಗಳ ಬಾಯಿ.

ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಬರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ನೀರು. ಉಳಿದ ಒಂದು ಪಾಲಿನಲ್ಲಿಯೇ ಎಲ್ಲ ಕೆಲಸವೂ ಅಡಗಿದೆ: ಅನ್ನವನ್ನು ಅಗಿಯುತ್ತಿದ್ದಂತೆ ಸಿಹಿಯಾಗಿಸುವ ಅಮೈಲೇಸ್, ತುತ್ತು ಜಾರುವಂತೆ ಮಾಡುವ ಲೋಳೆ, ಸೂಕ್ಷ್ಮಾಣುಗಳನ್ನು ತಡೆಯುವ ಪ್ರೋಟೀನುಗಳು, ಹಲ್ಲಿನ ಸವೆತವನ್ನು ಗಂಟೆಗಂಟೆಗೂ ತುಂಬಿಕೊಡುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ನಮ್ಮ ಸಂಸ್ಕೃತಿಗೆ ಈ ದ್ರವದ ಬಗ್ಗೆ ಹೇಸಿಗೆಯೇ ಹೆಚ್ಚು. ಬಾಯೊಳಗಿರುವವರೆಗೆ ಅದು ಯಾರ ಗಮನಕ್ಕೂ ಬಾರದು, ಹೊರಗೆ ಬಂದೊಡನೆ ಎಂಜಲು. ಹೀಗಾಗಿ ಜೊಲ್ಲು ಕಡಿಮೆಯಾಗಿದೆ ಎಂದು ಬಾಯಿಬಿಟ್ಟು ಹೇಳಲು, ಅದರಲ್ಲಿಯೂ ನಡುವಯಸ್ಸಿನ ಹೆಣ್ಣುಮಕ್ಕಳಿಗೆ, ಸಂಕೋಚವಾಗುವುದನ್ನು ನಾವು ನೋಡುತ್ತೇವೆ.

ಈಗ ಊತಕ್ಕೆ ಬರೋಣ. ಎಲ್ಲರಿಗೂ ಗೊತ್ತಿರುವ ಮಂಗನಬಾವಿನಿಂದಲೇ ಪ್ರಾರಂಭಿಸುತ್ತೇನೆ. ಕೆಲವು ಕಡೆ ಇದಕ್ಕೆ ಕೆಪ್ಪಟರಾಯ ಎಂಬ ಹೆಸರಿದೆ, ಗದ್ದಬಾವು ಎನ್ನುವವರೂ ಇದ್ದಾರೆ. ತಮಿಳಿನಲ್ಲಿ 'ಪೊನ್ನುಕ್ಕು ವೀಂಗಿ' ಎನ್ನುತ್ತಾರೆ, ಹೊನ್ನಿಗಾಗಿ ಊದಿದ್ದು ಎಂಬರ್ಥದಲ್ಲಿ. ಕುತ್ತಿಗೆಗೆ ಚಿನ್ನದ ಸರ ಹಾಕಿದರೆ ಊತ ಇಳಿಯುತ್ತದೆಂಬ ನಂಬಿಕೆ ಆ ಹೆಸರಿನಲ್ಲಿ ಉಳಿದಿದೆ. ಸರ ಹಾಕಿದರೂ ಹಾಕದಿದ್ದರೂ ವಾರ ಹತ್ತು ದಿನದಲ್ಲಿ ಅದು ತಾನಾಗಿಯೇ ಇಳಿಯುವುದರಿಂದ ನಂಬಿಕೆಗೆ ಎಂದೂ ಸೋಲಾಗಲಿಲ್ಲ. ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಬಿಡುತ್ತೇನೆ. ಮಲೆನಾಡಿನ ಮಂಗನ ಕಾಯಿಲೆಗೂ ಮಂಗನಬಾವಿಗೂ ಯಾವ ಸಂಬಂಧವೂ ಇಲ್ಲ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣ್ಣೆಯ ಕಡಿತದಿಂದ ಹರಡುವ ಬೇರೆಯದೇ ಜ್ವರ, ಅದರಲ್ಲಿ ಮಂಗಗಳು ನಿಜವಾಗಿಯೂ ಸಾಯುತ್ತವೆ. ಮಂಗನಬಾವಿನಲ್ಲಿ ಮಂಗ ಬರುವುದು ಹೋಲಿಕೆಗೆ ಮಾತ್ರ, ಕೆನ್ನೆಯಲ್ಲಿ ಕಡಲೆ ತುಂಬಿಕೊಂಡ ಮಂಗನ ಮುಖದ ಹಾಗೆ ಮಗುವಿನ ಮುಖ ಕಾಣುತ್ತದೆ ಎಂದು.

ಈ ಕಾಯಿಲೆಯನ್ನು ಎರಡು ಸಾವಿರದ ನಾನೂರು ವರ್ಷಗಳಷ್ಟು ಹಿಂದೆಯೇ ಗ್ರೀಸಿನ ಹಿಪೊಕ್ರಟೀಸನ ಹೆಸರಿನ ಗ್ರಂಥದಲ್ಲಿ ಥಾಸೋಸ್ ದ್ವೀಪದ ಪಿಡುಗೆಂದು ವರ್ಣಿಸಲಾಗಿದೆ; ಕಿವಿಯ ಬಳಿಯ ಊತದ ಜೊತೆಗೆ ಕೆಲವರಿಗೆ ವೃಷಣಗಳು ನೋವಿನಿಂದ ಊದಿಕೊಂಡದ್ದನ್ನೂ ಅಲ್ಲಿ ಗಮನಿಸಲಾಗಿದೆ. ಕಾರಣ ವೈರಸ್ ಎಂದು ಅಮೆರಿಕದ ಸಂಶೋಧಕರಾದ ಜಾನ್ಸನ್ ಮತ್ತು ಗುಡ್‌ಪಾಶ್ಚರ್ ತೋರಿಸಿದ್ದು 1934ರಲ್ಲಿ. ಸೋಂಕು ತಗುಲಿ ಎರಡರಿಂದ ಮೂರು ವಾರಗಳ ನಂತರ ಜ್ವರ, ಮೈಕೈ ನೋವು, ಆಮೇಲೆ ಕಿವಿಯ ಹಾಲೆಯನ್ನೇ ಮೇಲಕ್ಕೆತ್ತುವಂಥ ಊತ. ಸಾಮಾನ್ಯವಾಗಿ ಒಂದು ಕಡೆ ಮೊದಲು, ಇನ್ನೊಂದು ಕಡೆ ಆಮೇಲೆ. ಊತ ಕಾಣುವ ಎರಡು ದಿನ ಮೊದಲಿನಿಂದ, ಕಂಡ ಮೇಲೆ ಐದು ದಿನದವರೆಗೆ ಮಗುವಿನಿಂದ ಇತರರಿಗೆ ಹರಡುತ್ತದೆ. ಆದ್ದರಿಂದ ಅಷ್ಟು ದಿನ ಶಾಲೆಗೆ ಕಳುಹಿಸಬಾರದು. ಪ್ರಾಯಕ್ಕೆ ಬಂದ ಗಂಡಸರಿಗೆ ತಗುಲಿದರೆ ವೃಷಣದ ಉರಿಯೂತ ಹತ್ತರಲ್ಲಿ ಇಬ್ಬರು ಮೂವರಿಗೆ ಬರಬಹುದು, ಆದರೆ ಅದರಿಂದ ಮಕ್ಕಳಾಗದೆ ಹೋಗುವುದು ವಿರಳ. ಮಿದುಳ ಪೊರೆಯ ಉರಿಯೂತ, ಒಂದು ಕಿವಿಯ ಕಿವುಡುತನ ಕೂಡ ಕೆಲವೊಮ್ಮೆ ಉಂಟು.

ಲಸಿಕೆಯ ಕಥೆ ಸ್ವಾರಸ್ಯವಾದದ್ದು. 1963ರಲ್ಲಿ ಅಮೆರಿಕದ ಮಾರಿಸ್ ಹಿಲ್ಲೆಮನ್ ಎಂಬ ಲಸಿಕಾ ವಿಜ್ಞಾನಿಯ ಮಗಳು ಜೆರಿಲ್ ಲಿನ್‌ಗೆ ಮಂಗನಬಾವು ಬಂತು. ತಂದೆ ಅವಳ ಗಂಟಲಿನಿಂದಲೇ ಮಾದರಿ ತೆಗೆದು ಲಸಿಕೆಯ ವೈರಸ್ಸನ್ನು ಬೆಳೆಸಿದ. 1967ರಲ್ಲಿ ಪರವಾನಗಿ ಪಡೆದ ಆ ತಳಿ ಇಂದಿಗೂ ಮಗಳ ಹೆಸರಿನಲ್ಲಿಯೇ ಬಳಕೆಯಲ್ಲಿದೆ. ನಮ್ಮಲ್ಲಿನ ಸ್ಥಿತಿ ಹೀಗಿದೆ: 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಮೊದಲು ಪ್ರಾರಂಭವಾದ ಸರ್ಕಾರಿ ಅಭಿಯಾನ ದಡಾರ ಮತ್ತು ರುಬೆಲ್ಲಾಗಳ ವಿರುದ್ಧದ್ದು, ಮಂಗನಬಾವು ಅದರಲ್ಲಿ ಇಲ್ಲ. ಮಕ್ಕಳ ವೈದ್ಯರ ಸಂಘ ಮೂರನ್ನೂ ಕೂಡಿಸಿದ ಎಂಎಂಆರ್ ಲಸಿಕೆಯನ್ನು ಶಿಫಾರಸು ಮಾಡುತ್ತದೆ. ಅಂದರೆ ಅಂಗನವಾಡಿಯಲ್ಲಿ ಹಾಕಿಸಿಕೊಂಡ ಮಗುವಿಗೂ ಖಾಸಗಿ ಕ್ಲಿನಿಕ್ಕಿನಲ್ಲಿ ಹಾಕಿಸಿಕೊಂಡ ಮಗುವಿಗೂ ಈ ಒಂದು ಕಾಯಿಲೆಯ ಮಟ್ಟಿಗೆ ರಕ್ಷಣೆ ಬೇರೆ. ನನ್ನ ದೃಷ್ಟಿಯಲ್ಲಿ ಇದು ಸರಿಯಲ್ಲ.

ಮಗುವಿಗೆ ಮಂಗನಬಾವು 'ಮತ್ತೆ ಮತ್ತೆ' ಬರುತ್ತಿದೆ ಎಂದು ತಾಯಂದಿರು ಹೇಳುವುದುಂಟು. ಮಂಗನಬಾವು ಸಾಮಾನ್ಯವಾಗಿ ಒಮ್ಮೆ ಬಂದರೆ ಮತ್ತೆ ಬಾರದು. ಮೂರರಿಂದ ಆರು ವರ್ಷದ ಮಗುವಿಗೆ ವರ್ಷದಲ್ಲಿ ಹಲವು ಸಲ, ಒಂದೇ ಪಕ್ಕಕ್ಕೆ ಊದಿ ನಾಲ್ಕಾರು ದಿನದಲ್ಲಿ ಇಳಿಯುತ್ತಿದ್ದರೆ ಅದು ಬಾಲ್ಯದ ಮರುಕಳಿಸುವ ಪರೋಟಿಡ್ ಉರಿಯೂತ ಇರಬಹುದು. ಪ್ರಾಯ ಬರುವ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ನಿಂತುಹೋಗುವ ಇದಕ್ಕೆ ಪ್ರತಿಸಲವೂ ಆ್ಯಂಟಿಬಯೋಟಿಕ್ ಸುರಿಯುವ ಅಗತ್ಯವಿರುವುದಿಲ್ಲ. ಆದರೆ ಇದೇ ಚಿತ್ರ ಹತ್ತು ಹನ್ನೆರಡು ದಾಟಿದ ಹುಡುಗಿಯಲ್ಲಿ ಕಂಡರೆ, ಆಮೇಲೆ ಹೇಳಲಿರುವ ಷೋಗ್ರೆನ್ ಕಾಯಿಲೆಯ ಮುನ್ಸೂಚನೆಯೇ ಎಂದು ನೋಡಬೇಕಾಗುತ್ತದೆ.

ಕೀವು ತುಂಬುವ ಉರಿಯೂತ ಇನ್ನೊಂದು ಬಗೆ. ಇದಕ್ಕೆ ಇತಿಹಾಸದಲ್ಲಿ ಪ್ರಸಿದ್ಧ ರೋಗಿಯೊಬ್ಬನಿದ್ದಾನೆ. ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಮೇಲೆ 1881ರ ಜುಲೈ 2ರಂದು ವಾಷಿಂಗ್ಟನ್ನಿನಲ್ಲಿ ಗುಂಡು ಹಾರಿತು. ಗುಂಡು ಹುಡುಕಲು ವೈದ್ಯರು ತೊಳೆಯದ ಬೆರಳುಗಳಿಂದ ಗಾಯವನ್ನು ಕೆದಕಿದರು. ಆಗಸ್ಟ್ ತಿಂಗಳಿನಲ್ಲಿ, ಜ್ವರದಿಂದ ಬಳಲಿ ಬಾಯಿಂದ ಆಹಾರವಿಳಿಯದೆ ಸೊರಗಿದ್ದ ಅವನ ಪರೋಟಿಡ್ ಗ್ರಂಥಿ ಊದಿ ಕೀವುಗಟ್ಟಿತು. ವೈದ್ಯರು ಅದನ್ನು ಕೊಯ್ದು ಹರಿಯಬಿಟ್ಟರು. ಸೆಪ್ಟೆಂಬರ್ 19ರಂದು ಅವನು ತೀರಿಕೊಂಡ. ಆ ಊತ ಬಂದದ್ದು ಗುಂಡಿನಿಂದಲ್ಲ. ದೇಹದಲ್ಲಿ ನೀರು ಕಡಿಮೆಯಾದಾಗ ಜೊಲ್ಲಿನ ಹರಿವು ನಿಲ್ಲುತ್ತದೆ, ನಿಂತ ನಾಳದೊಳಗೆ ಬಾಯಿಯ ಸೂಕ್ಷ್ಮಾಣುಗಳು, ಮುಖ್ಯವಾಗಿ ಸ್ಟ್ಯಾಫಿಲೋಕಾಕಸ್, ಹಿಂದಕ್ಕೆ ಏರುತ್ತವೆ. ಡ್ರಿಪ್ ಮತ್ತು ಆ್ಯಂಟಿಬಯೋಟಿಕ್‌ಗಳು ಬಂದ ಮೇಲೆ ಆಸ್ಪತ್ರೆಗಳಲ್ಲಿ ಇದು ಅಪರೂಪವಾಗಿದೆ. ಆದರೆ ಬಳ್ಳಾರಿ, ಕಲಬುರಗಿ ಕಡೆಯ ಬೇಸಗೆಯಲ್ಲಿ ಮನೆಯಲ್ಲೇ ಹಾಸಿಗೆ ಹಿಡಿದಿರುವ ಮುದುಕರಿಗೆ ಹೀಗಾಗುವ ಸಂಭವ ಇಂದಿಗೂ ಇದೆ. ಲಕ್ವ ಹೊಡೆದವರಿಗೆ ನುಂಗಲು ಕಷ್ಟವೆಂದು ನೀರು ಕಡಿಮೆ ಮಾಡಿ, ಬಾಯಿ ತೊಳೆಸುವುದನ್ನೂ ಮರೆತರೆ ಮೂರನೆಯ ದಿನಕ್ಕೆ ಒಂದು ಕೆನ್ನೆ ಕೆಂಪಗೆ, ಬಿಸಿಯಾಗಿ, ಮುಟ್ಟಗೊಡದಷ್ಟು ನೋವಿನಿಂದ ಊದಿಕೊಳ್ಳಬಹುದು. ಗ್ರಂಥಿಯನ್ನು ಮೆಲ್ಲಗೆ ಒತ್ತಿದರೆ ಬಾಯೊಳಗೆ ನಾಳದ ತುದಿಯಿಂದ ಕೀವು ಬರುವುದು ಕಾಣುತ್ತದೆ. ಅಷ್ಟು ಕಂಡರೆ ರೋಗನಿರ್ಣಯ ಮುಗಿದಂತೆಯೇ.

ಕಲ್ಲಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರ ಕಥೆ ಸರಳ. ಜೊಲ್ಲುಗ್ರಂಥಿಯ ಕಲ್ಲುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ದವಡೆಯಡಿಯ ಗ್ರಂಥಿಯಲ್ಲಿಯೇ ಆಗುತ್ತವೆ. ಅದರ ಜೊಲ್ಲು ಗಟ್ಟಿ, ನಾಳ ಉದ್ದ, ಸಾಲದುದಕ್ಕೆ ಕೆಳಗಿನಿಂದ ಮೇಲಕ್ಕೆ ಹರಿಯಬೇಕು. ಊಟಕ್ಕೆ ಕುಳಿತು ಉಪ್ಪಿನಕಾಯಿಗೆ ಕೈಹಾಕುವಷ್ಟರಲ್ಲಿ ದವಡೆಯಡಿ ಉಬ್ಬಿ ಬಿಗಿದುಕೊಂಡು, ಊಟ ಮುಗಿದು ಒಂದೆರಡು ಗಂಟೆಯಲ್ಲಿ ಇಳಿದರೆ ಅದು ಬಹುತೇಕ ಕಲ್ಲೇ. ಸಣ್ಣ ಕಲ್ಲು ನಿಂಬೆ ಚೀಪಿ, ಗ್ರಂಥಿಯನ್ನು ನೀವಿ, ನೀರು ಕುಡಿದರೆ ತಾನಾಗಿಯೇ ಹೊರಬೀಳಬಹುದು. ಉಳಿದವಕ್ಕೆ ಈಗ ನಾಳದೊಳಗೇ ತೂರಿಸುವ ಒಂದೂವರೆ ಮಿಲಿಮೀಟರಿಗಿಂತ ಸಣ್ಣ ದುರ್ಬೀನು ಇದೆ. 1990ರ ದಶಕದಲ್ಲಿ ಫ್ರಾನ್ಸ್, ಸ್ವಿಟ್ಜರ್ಲೆಂಡುಗಳಲ್ಲಿ ರೂಪುಗೊಂಡ ಈ ವಿಧಾನದಿಂದಾಗಿ ಕಲ್ಲಿಗಾಗಿ ಗ್ರಂಥಿಯನ್ನೇ ತೆಗೆದುಹಾಕುವ ಪದ್ಧತಿ ತುಂಬ ಕಡಿಮೆಯಾಗಿದೆ.

ಇನ್ನು ಆಟೊಇಮ್ಯೂನ್ ಕಾಯಿಲೆಗಳು. ದೇಹದ ರಕ್ಷಣಾ ವ್ಯವಸ್ಥೆ ಪರಕೀಯರನ್ನು ಬಿಟ್ಟು ತನ್ನದೇ ಅಂಗಾಂಶದ ಮೇಲೆ ತಿರುಗುವ ಕಾಯಿಲೆಗಳು ಇವು. ಇಲ್ಲಿ ಕಥೆ 1888ರಲ್ಲಿ ಎರಡು ಊರುಗಳಲ್ಲಿ ಒಟ್ಟಿಗೇ ಪ್ರಾರಂಭವಾಗುತ್ತದೆ. ಲಂಡನ್ನಿನಲ್ಲಿ ಹ್ಯಾಡನ್ ಎಂಬ ವೈದ್ಯ 65 ವರ್ಷದ ಹೆಂಗಸೊಬ್ಬಳನ್ನು ವರ್ಣಿಸಿದ. ಅವಳ ಬಾಯಿ ಪೂರ್ತಿ ಒಣಗಿತ್ತು, ಕಣ್ಣೀರೂ ಬರುತ್ತಿರಲಿಲ್ಲ, ನಾಲಗೆ ಮೊಸಳೆಯ ಚರ್ಮದ ಹಾಗೆ ಬಿರಿದಿತ್ತು. ಅದೇ ವರ್ಷ ಕೋನಿಗ್ಸ್‌ಬರ್ಗ್‌ನಲ್ಲಿ, ಇಂದು ಅದು ರಷ್ಯಾದ ಕಲಿನಿನ್‌ಗ್ರಾಡ್, ಶಸ್ತ್ರವೈದ್ಯ ಮಿಕುಲಿಚ್ 42 ವರ್ಷದ ರೈತನೊಬ್ಬನನ್ನು ಸಹೋದ್ಯೋಗಿಗಳಿಗೆ ತೋರಿಸಿದ. ಆ ರೈತನ ಕಣ್ಣೀರಿನ ಗ್ರಂಥಿಗಳು, ಪರೋಟಿಡ್‌ಗಳು, ದವಡೆಯಡಿಯ ಗ್ರಂಥಿಗಳು ಎರಡೂ ಕಡೆ ನೋವಿಲ್ಲದೆ ದಪ್ಪವಾಗಿದ್ದವು. ಒಬ್ಬಳಲ್ಲಿ ಒಣಗಿದ್ದು ಎದ್ದು ಕಂಡಿತು, ಇನ್ನೊಬ್ಬನಲ್ಲಿ ಊದಿದ್ದು. ಈ ಇಬ್ಬರದೂ ಒಂದೇ ಕಾಯಿಲೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಮುಂದಿನ ಹೆಜ್ಜೆ ಇಟ್ಟದ್ದು ಕಣ್ಣಿನ ವೈದ್ಯ. ಸ್ವೀಡನ್ನಿನ ಹೆನ್ರಿಕ್ ಷೋಗ್ರೆನ್ 1933ರಲ್ಲಿ ಸ್ಟಾಕ್‌ಹೋಮಿನಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪ್ರಬಂಧ ಸಲ್ಲಿಸಿದ. ಅದರಲ್ಲಿ ಕಣ್ಣು ಒಣಗಿದ 19 ಹೆಂಗಸರಿದ್ದರು. ಅವರಲ್ಲಿ 13 ಮಂದಿಗೆ ಕೀಲುವಾತವೂ ಇತ್ತು. ಒಣಕಣ್ಣು, ಒಣಬಾಯಿ, ಕೀಲುನೋವುಗಳು ಇಡೀ ದೇಹದ ಒಂದೇ ಕಾಯಿಲೆಯ ಮುಖಗಳು ಎಂಬುದು ಅವನ ವಾದ. ಪರೀಕ್ಷಕರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಅರ್ಹತೆಗೆ ಬೇಕಾದಷ್ಟು ಅಂಕ ಸಿಗದೆ ಅವನು ಯೊನ್‌ಷೋಪಿಂಗ್ ಎಂಬ ಊರಿನ ಆಸ್ಪತ್ರೆಗೆ ಹೋದ. ಹತ್ತು ವರ್ಷದ ನಂತರ, 1943ರಲ್ಲಿ, ಆಸ್ಟ್ರೇಲಿಯಾದ ಕಣ್ಣಿನ ವೈದ್ಯರೊಬ್ಬರು ಪ್ರಬಂಧವನ್ನು ಇಂಗ್ಲಿಷಿಗೆ ತಂದ ಮೇಲೆ ಜಗತ್ತು ಅದನ್ನು ಓದಿತು. ಇಂದು ಕಾಯಿಲೆಗಿರುವ ಹೆಸರು ಅವನದೇ.

ಷೋಗ್ರೆನ್ ಕಾಯಿಲೆಯಲ್ಲಿ ಆಗುವುದೇನೆಂದರೆ, ಗ್ರಂಥಿಯ ಕಿರುನಾಳಗಳ ಸುತ್ತ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಗುಂಪುಗೂಡುತ್ತವೆ, ವರ್ಷಗಳು ಕಳೆದಂತೆ ಜೊಲ್ಲು ಸ್ರವಿಸುವ ಕೋಶಗಳು ನಾಶವಾಗುತ್ತವೆ. ವಿಚಿತ್ರವೆಂದರೆ, ಸೂಕ್ಷ್ಮದರ್ಶಕದಲ್ಲಿ ಇನ್ನೂ ಸಾಕಷ್ಟು ಕೋಶಗಳು ಉಳಿದಿರುವ ಹಂತದಲ್ಲಿಯೇ ಬಾಯಿ ಒಣಗಿರುತ್ತದೆ. ಅಂದರೆ ಉಳಿದ ಕೋಶಗಳೂ ನರದ ಸಂದೇಶಕ್ಕೆ ಸರಿಯಾಗಿ ಓಗೊಡುತ್ತಿಲ್ಲ. ಆನುವಂಶಿಕ ಒಲವು, ವೈರಸ್ ಸೋಂಕಿನಂಥ ಪ್ರಚೋದನೆ, ಹೆಣ್ಣಿನ ದೇಹದ ಹಾರ್ಮೋನುಗಳು, ಇವೆಲ್ಲದರ ಪಾತ್ರವಿದೆ ಎಂದು ಭಾವಿಸಲಾಗಿದೆ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರು ನಲವತ್ತರಿಂದ ಅರವತ್ತರ ನಡುವಿನವರು. ಆದರೆ ಕಿರಿಯರಿಗೂ ಬರುತ್ತದೆ; ಟೆನಿಸ್ ಆಟಗಾರ್ತಿ ವೀನಸ್ ವಿಲಿಯಮ್ಸ್ ತನಗೆ ಈ ಕಾಯಿಲೆ ಇದೆಯೆಂದು 2011ರಲ್ಲಿ ಅಮೆರಿಕನ್ ಓಪನ್ ಪಂದ್ಯಾವಳಿಯಿಂದ ಹಿಂದೆ ಸರಿಯುವಾಗ ಪ್ರಕಟಿಸಿದಾಗ ಅವರಿಗೆ 31 ವರ್ಷ. ಅವರನ್ನು ಹೆಚ್ಚು ಕಾಡಿದ್ದು ಆಯಾಸ.

ಐವತ್ತು ದಾಟಿದ ಒಬ್ಬ ಶಾಲಾ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳಿ. ತರಗತಿಯಲ್ಲಿ ಹತ್ತು ನಿಮಿಷ ಮಾತನಾಡಿದರೆ ನಾಲಗೆ ಅಂಗುಳಕ್ಕೆ ಅಂಟುತ್ತದೆ, ರಾತ್ರಿ ಎರಡು ಸಲ ಎದ್ದು ಗುಟುಕು ನೀರು ಕುಡಿಯುತ್ತಾರೆ, ಮೊದಲು ಇಷ್ಟವಾಗುತ್ತಿದ್ದ ಖಾರ ಈಗ ಬಾಯನ್ನು ಸುಡುತ್ತದೆ. ಎರಡು ವರ್ಷದಲ್ಲಿ ನಾಲ್ಕು ಹಲ್ಲು, ಅದೂ ಒಸಡಿನ ಅಂಚಿನಲ್ಲಿ, ಹುಳುಕಾಗಿವೆ. ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಎನ್ನುತ್ತಾರೆ. ಹಲ್ಲಿಗೆ ಒಬ್ಬ ವೈದ್ಯರು, ಕಣ್ಣಿಗೆ ಇನ್ನೊಬ್ಬರು, ಮೊಣಕೈ ಮಣಿಕಟ್ಟಿನ ನೋವಿಗೆ ಮತ್ತೊಬ್ಬರು; ಯಾರೂ ಮತ್ತೊಬ್ಬರ ಚೀಟಿಯನ್ನು ನೋಡುವುದಿಲ್ಲ. ಕೊನೆಗೆ ಮುಟ್ಟು ನಿಲ್ಲುವ ಕಾಲದ ತೊಂದರೆ ಎಂಬ ಮಾತಿನೊಂದಿಗೆ ಎಲ್ಲವೂ ಮುಗಿಯುತ್ತದೆ. ಈ ಕಾಯಿಲೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದು ಹೀಗೆಯೇ.

ಪಾಶ್ಚಾತ್ಯ ಪುಸ್ತಕಗಳಲ್ಲಿ ಒಂದು ಪ್ರಶ್ನೆ ಇದೆ: ಒಣ ಬಿಸ್ಕತ್ತನ್ನು ನೀರಿಲ್ಲದೆ ತಿನ್ನಬಲ್ಲಿರಾ? ನಮ್ಮವರನ್ನು ಹೀಗೆ ಕೇಳಿದರೆ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿಯೇ ತಿನ್ನುವವರು ಏನು ಹೇಳಿಯಾರು? ಹುರಿಗಡಲೆ, ಚಕ್ಕುಲಿ, ಖಡಕ್ ರೊಟ್ಟಿಗಳ ಹೆಸರು ಹೇಳಿ ಕೇಳಬೇಕು. ಊಟದ ಪದ್ಧತಿ ಕೂಡ ಕಾಯಿಲೆಯನ್ನು ಮುಚ್ಚಿಡಬಲ್ಲದು. ಮಂಡ್ಯ ಕಡೆಯವರು ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವುದರಿಂದ ಒಣಬಾಯಿಯವರಿಗೂ ಊಟ ಸಲೀಸಾಗಿ ಇಳಿಯುತ್ತದೆ. ಅದೇ ವ್ಯಕ್ತಿ ವಿಜಯಪುರದ ನೆಂಟರ ಮನೆಯಲ್ಲಿ ಜೋಳದ ರೊಟ್ಟಿಗೆ ಕುಳಿತಾಗ ಪ್ರತಿ ತುತ್ತಿಗೂ ನೀರು ಬೇಕಾಗುತ್ತದೆ. ಇದು ನನ್ನ ಊಹೆಯೇ ಹೊರತು ಅಳೆದು ನೋಡಿದ ಸಂಗತಿಯಲ್ಲ, ಆದರೆ ಪ್ರಶ್ನೆ ಕೇಳುವವರು ರೋಗಿಯ ತಟ್ಟೆಯಲ್ಲಿ ಏನಿದೆಯೆಂದು ತಿಳಿದಿರಬೇಕು.

ಪರೀಕ್ಷೆಗಳು ಬಹುಮಟ್ಟಿಗೆ ಸರಳವಾಗಿವೆ. ಹದಿನೈದು ನಿಮಿಷ ಏನನ್ನೂ ಅಗಿಯದೆ ಸುಮ್ಮನೆ ಕುಳಿತು, ಬಾಯಲ್ಲಿ ಸೇರುವ ಜೊಲ್ಲನ್ನು ಅಳತೆಯ ಬಟ್ಟಲಿಗೆ ಉಗುಳಬೇಕು. ನಿಮಿಷಕ್ಕೆ 0.1 ಮಿ.ಲೀ. ಅಥವಾ ಅದಕ್ಕಿಂತ ಕಡಿಮೆ, ಅಂದರೆ ಹದಿನೈದು ನಿಮಿಷಕ್ಕೆ ಒಂದು ಟೀ ಚಮಚದ ಮೂರನೇ ಒಂದು ಪಾಲೂ ಬಾರದಿದ್ದರೆ, ಗ್ರಂಥಿಗಳು ಸೋತಿವೆ. ಕಣ್ಣಿಗೆ ಕಾಗದದ ಪಟ್ಟಿ ಸಿಕ್ಕಿಸಿದಾಗ ಐದು ನಿಮಿಷದಲ್ಲಿ ಐದು ಮಿಲಿಮೀಟರಿಗಿಂತ ಹೆಚ್ಚು ನೆನೆಯಬೇಕು. ರಕ್ತದಲ್ಲಿ ಆ್ಯಂಟಿ-ರೋ ಎಂಬ ಪ್ರತಿಕಾಯವನ್ನು, ಅಂದರೆ ದೇಹದ ಮೇಲೆಯೇ ತಿರುಗಿದ ರಕ್ಷಣಾ ಪ್ರೋಟೀನನ್ನು, ಹುಡುಕುತ್ತಾರೆ. ಇನ್ನುಳಿದದ್ದು ತುಟಿಯ ಬಯಾಪ್ಸಿ, ಅಂದರೆ ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. 'ಕಾಯಿಲೆ ಕೆನ್ನೆಯಲ್ಲಿದ್ದರೆ ತುಟಿಯನ್ನೇಕೆ ಕೊಯ್ಯುತ್ತೀರಿ' ಎಂದು ಕೇಳುವುದು ಸಹಜ. ಪರೋಟಿಡ್‌ನ ಒಳಗೆ ಮುಖದ ಸ್ನಾಯುಗಳನ್ನು ಆಡಿಸುವ ನರ ಕವಲೊಡೆದು ಹೋಗುತ್ತದೆ, ಅಲ್ಲಿ ಕೈಹಾಕುವುದು ಎಚ್ಚರಿಕೆಯ ಕೆಲಸ. ನಾನು ನೆನಪಿನಲ್ಲಿಡಿ ಎಂದ ಕಿರುಗ್ರಂಥಿಗಳಲ್ಲಿಯೂ ಅದೇ ಕಾಯಿಲೆ ನಡೆದಿರುತ್ತದೆ. ಕೆಳತುಟಿಯ ಒಳಗಿನಿಂದ ನಾಲ್ಕಾರು ಮಣಿಗಳನ್ನು ತೆಗೆದು ಒಂದೆರಡು ಹೊಲಿಗೆ ಹಾಕಿದರೆ ಸಾಕು. ಅಲ್ಲಿ 50ಕ್ಕೂ ಹೆಚ್ಚು ಲಿಂಫೋಸೈಟ್‌ಗಳ ಗುಂಪು ನಾಲ್ಕು ಚದರ ಮಿಲಿಮೀಟರಿಗೆ ಕನಿಷ್ಠ ಒಂದಾದರೂ ಕಂಡರೆ ಅದು ಬಲವಾದ ಸಾಕ್ಷ್ಯ. 2016ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳು ಒಟ್ಟಾಗಿ ರೂಪಿಸಿದ ಮಾನದಂಡದಲ್ಲಿ ಬಯಾಪ್ಸಿಗೂ ಆ್ಯಂಟಿ-ರೋಗೂ ತಲಾ ಮೂರು ಅಂಕ, ಕಣ್ಣೀರು ಜೊಲ್ಲುಗಳ ಪರೀಕ್ಷೆಗಳಿಗೆ ತಲಾ ಒಂದು. ನಾಲ್ಕು ಅಂಕವಾದರೆ ಷೋಗ್ರೆನ್ ಎಂದು ಪರಿಗಣಿಸಬಹುದು. ಆದರೆ ಅಂಕ ಕೂಡಿಸುವ ಮೊದಲು ರೋಗಿಯ ಔಷಧಿಯ ಡಬ್ಬಿಯನ್ನು ತೆರೆದು ನೋಡಿ. ಅಲರ್ಜಿ, ಖಿನ್ನತೆ, ಮೂತ್ರದ ಅವಸರಗಳಿಗೆ ಕೊಡುವ ಎಷ್ಟೋ ಮಾತ್ರೆಗಳು ಬಾಯಿಯನ್ನು ಒಣಗಿಸುತ್ತವೆ, ಅಲ್ಲಿ ಗ್ರಂಥಿ ಆರೋಗ್ಯವಾಗಿಯೇ ಇರುತ್ತದೆ. ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಸೋಂಕುಗಳೂ ಇದೇ ವೇಷದಲ್ಲಿ ಬರುವುದರಿಂದ ಅವನ್ನೂ ಪರೀಕ್ಷಿಸಬೇಕು.

ಬಾಯಿ ಕಣ್ಣುಗಳಾಚೆಗೆ ಈ ಕಾಯಿಲೆ ಹರಡುವುದನ್ನು ಮೂರು ಉದಾಹರಣೆಗಳಲ್ಲಿ ಹೇಳುತ್ತೇನೆ. ಮೂತ್ರಪಿಂಡದ ನಾಳಗಳಿಗೆ ತಗುಲಿದರೆ ದೇಹದ ಪೊಟ್ಯಾಸಿಯಂ ಸೋರಿಹೋಗಿ, ಒಂದು ಬೆಳಿಗ್ಗೆ ಕೈಕಾಲು ಎತ್ತಲಾಗದ ಸ್ಥಿತಿಯಲ್ಲಿ ರೋಗಿ ಆಸ್ಪತ್ರೆಗೆ ಬರುತ್ತಾರೆ. ಭಾರತದ ವೈದ್ಯರು ಇಂಥ ಪ್ರಸಂಗಗಳನ್ನು ಹಲವು ಬಾರಿ ವರದಿ ಮಾಡಿದ್ದಾರೆ, ಕೆಲವರಲ್ಲಿ ಕಾಯಿಲೆ ಪತ್ತೆಯಾದದ್ದೇ ಹಾಗೆ. ಆ್ಯಂಟಿ-ರೋ ಇರುವ ಗರ್ಭಿಣಿಯರಲ್ಲಿ ನೂರಕ್ಕೆ ಒಬ್ಬರಿಬ್ಬರ ಮಗುವಿಗೆ ಹೃದಯದ ಬಡಿತದ ಸಂಕೇತ ಕಡಿದುಹೋಗುವ ಅಪಾಯವಿದೆ. ಅದಕ್ಕಾಗಿ ಗರ್ಭದ ನಡುವಿನ ವಾರಗಳಲ್ಲಿ ಮಗುವಿನ ಹೃದಯವನ್ನು ಸ್ಕ್ಯಾನಿಂಗ್‌ನಲ್ಲಿ ಗಮನಿಸುತ್ತಾರೆ. ಮೂರನೆಯದು ಲಿಂಫೋಮಾ ಎಂಬ ಕ್ಯಾನ್ಸರ್. ಸುಮಾರು ನೂರಕ್ಕೆ ಐದು ಮಂದಿಯಲ್ಲಿ, ವರ್ಷಗಳ ನಂತರ, ಗ್ರಂಥಿಯಲ್ಲಿ ನೆಲೆಸಿದ ಲಿಂಫೋಸೈಟ್‌ಗಳೇ ಹತೋಟಿ ಮೀರಿ ಬೆಳೆಯುತ್ತವೆ. ಬಂದುಹೋಗುತ್ತಿದ್ದ ಪರೋಟಿಡ್ ಊತ ಬಂದು ನಿಂತುಬಿಟ್ಟರೆ, ಕಾಲಿನ ಮೇಲೆ ನೇರಳೆ ಚುಕ್ಕೆಗಳೆದ್ದರೆ, ರಕ್ತದಲ್ಲಿ ಸಿ-4 ಎಂಬ ಅಂಶ ಇಳಿದರೆ ತಡಮಾಡಬಾರದು.

ಈಗ ಮಿಕುಲಿಚ್‌ನ ರೈತನ ಬಳಿಗೆ ಹಿಂತಿರುಗೋಣ. 1953ರಲ್ಲಿ ಅಮೆರಿಕದ ಮಾರ್ಗನ್ ಮತ್ತು ಕ್ಯಾಸಲ್‌ಮನ್ ಎಂಬ ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಿ, ಮಿಕುಲಿಚ್ ಕಾಯಿಲೆಯೂ ಷೋಗ್ರೆನ್ನೂ ಒಂದೇ ಎಂದು ತೀರ್ಮಾನಿಸಿದರು. ಜಗತ್ತು ಒಪ್ಪಿತು, ಮಿಕುಲಿಚ್‌ನ ಹೆಸರು ಪುಸ್ತಕಗಳ ಅಡಿಟಿಪ್ಪಣಿಗೆ ಸರಿಯಿತು. ಜಪಾನಿನ ವೈದ್ಯರಿಗೆ ಮಾತ್ರ ಅನುಮಾನ ಉಳಿದಿತ್ತು. ಗ್ರಂಥಿ ಅಷ್ಟು ಊದಿದ್ದರೂ ಬಾಯಿ ಅಷ್ಟಾಗಿ ಒಣಗದ, ಆ್ಯಂಟಿ-ರೋ ಇಲ್ಲದ, ಸ್ಟೆರಾಯ್ಡ್ ಕೊಟ್ಟರೆ ಬೆಣ್ಣೆಯಂತೆ ಕರಗುವ ಊತ ಷೋಗ್ರೆನ್ ಹೇಗಾದೀತು? ಉತ್ತರ ಬಂದದ್ದು ಹೊಟ್ಟೆಯೊಳಗಿನಿಂದ. 2001ರಲ್ಲಿ ಜಪಾನಿನ ಸಂಶೋಧಕರು ಮೇದೋಜೀರಕ ಗ್ರಂಥಿಯ ಒಂದು ಬಗೆಯ ಆಟೊಇಮ್ಯೂನ್ ಉರಿಯೂತದಲ್ಲಿ ಐಜಿಜಿ-4 ಎಂಬ ಪ್ರತಿಕಾಯ ರಕ್ತದಲ್ಲಿ ಏರಿರುವುದನ್ನು ಕಂಡರು. 2004ರಲ್ಲಿ ಮಿಕುಲಿಚ್ ಕಾಯಿಲೆಯ ರೋಗಿಗಳಲ್ಲಿಯೂ ಅದೇ ಕಂಡಿತು. ಬಿಡಿಬಿಡಿಯಾಗಿ ಕಾಣುತ್ತಿದ್ದ ಎಷ್ಟೋ ಹಳೆಯ ಹೆಸರುಗಳು ಒಂದೇ ಸೂರಿನಡಿ ಬಂದವು. 1896ರಲ್ಲಿ ಕುಟ್ನರ್ ಎಂಬ ಜರ್ಮನ್ ಶಸ್ತ್ರವೈದ್ಯ ಗಡ್ಡೆಯಂತೆ ಗಟ್ಟಿಯಾದ ದವಡೆಯಡಿಯ ಗ್ರಂಥಿಗಳನ್ನು ವರ್ಣಿಸಿದ್ದ; ಅವುಗಳಲ್ಲಿಯೂ ಹಲವು ಇದೇ ಐಜಿಜಿ-4 ಕಾಯಿಲೆ. ಹೀಗೆ ಅರ್ಧ ಶತಮಾನ ಒಂದೆಂದು ಕಲಿಸಿದ್ದನ್ನು ಮತ್ತೆ ಎರಡಾಗಿ ಬಿಡಿಸಲಾಯಿತು. ನಾನು ವಿದ್ಯಾರ್ಥಿಗಳಿಗೆ ಪುಸ್ತಕದ ಹಳೆಯ ಆವೃತ್ತಿಯನ್ನು ಎಸೆಯಬೇಡಿ ಎನ್ನುವುದು ಇದೇ ಕಾರಣಕ್ಕೆ.

ಐಜಿಜಿ-4 ಕಾಯಿಲೆಯಲ್ಲಿ ನಾವು ಎರಡು ಕಡೆ ಎಡವುತ್ತೇವೆ. ಗಟ್ಟಿಯಾದ ಗ್ರಂಥಿಯನ್ನು ಕ್ಯಾನ್ಸರ್ ಎಂದು ಹೆದರಿ ತೆಗೆದುಹಾಕುವುದು ಒಂದು. ಇನ್ನೊಂದು ಅದಕ್ಕಿಂತ ಅಪಾಯಕರ: ಬಯಾಪ್ಸಿ ಮಾಡದೆ ಸ್ಟೆರಾಯ್ಡ್ ಪ್ರಾರಂಭಿಸುವುದು. ಊತ ಇಳಿದರೆ ರೋಗಿಗೂ ವೈದ್ಯರಿಗೂ ಸಮಾಧಾನ. ಆದರೆ ಲಿಂಫೋಮಾ ಕೂಡ ಸ್ಟೆರಾಯ್ಡಿಗೆ ತಾತ್ಕಾಲಿಕವಾಗಿ ಕರಗುತ್ತದೆ, ಆಮೇಲೆ ತೆಗೆದ ತುಣುಕಿನಲ್ಲಿ ಅದರ ಗುರುತು ಸಿಗದೆ ಹೋಗಬಹುದು. ರಕ್ತದ ಐಜಿಜಿ-4 ಮಟ್ಟವೊಂದನ್ನೇ ನಂಬಿ ತೀರ್ಮಾನಿಸುವುದೂ ಸಲ್ಲದು, ಬೇರೆ ಕಾಯಿಲೆಗಳಲ್ಲಿಯೂ ಅದು ಏರಬಹುದು. ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳು ಕಟ್ಟುವ ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆಯೂ ಇದೇ ಪಟ್ಟಿಗೆ ಸೇರುತ್ತದೆ. ಅದರ ಒಂದು ರೂಪವನ್ನು, ಜ್ವರ, ಕಣ್ಣಿನ ನಡುಪದರದ ಉರಿಯೂತ, ಪರೋಟಿಡ್ ಊತ ಒಟ್ಟಿಗೆ ಬಂದದ್ದನ್ನು, ಡೆನ್ಮಾರ್ಕಿನ ಕಣ್ಣಿನ ವೈದ್ಯ ಹೀರ್‌ಫೋರ್ಟ್ 1909ರಲ್ಲಿ ವರ್ಣಿಸಿದ, ಅದರ ಜೊತೆಗೆ ಕೆಲವರಿಗೆ ಮುಖದ ಒಂದು ಪಕ್ಕ ಸೋಲುತ್ತದೆ. ನಮ್ಮ ದೇಶದಲ್ಲಿ ಸಾರ್ಕಾಯ್ಡೋಸಿಸ್ ಎಂದು ಹೇಳುವ ಮೊದಲು, ಅಂಥದೇ ಗಂಟು ಕಟ್ಟುವ ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಚಿಕಿತ್ಸೆಯ ಬಗ್ಗೆ. ಷೋಗ್ರೆನ್‌ನಲ್ಲಿ ನಾಶವಾದ ಗ್ರಂಥಿಯನ್ನು ಮರಳಿ ತರುವ ಔಷಧಿ ಇಲ್ಲ. ಕೀಲುನೋವಿಗೆ, ಚರ್ಮದ ತೊಂದರೆಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊಡುತ್ತಾರೆ. ಮೂತ್ರಪಿಂಡ, ನರ, ಶ್ವಾಸಕೋಶಗಳಿಗೆ ತಗುಲಿದರೆ ಹೆಚ್ಚು ಬಲವಾದವು ಬೇಕಾಗುತ್ತವೆ. ಗ್ರಂಥಿಯಲ್ಲಿ ಇನ್ನೂ ಜೀವವಿದ್ದರೆ ಪೈಲೋಕಾರ್ಪಿನ್ ಮಾತ್ರೆ ಜೊಲ್ಲನ್ನು ಹೊರಡಿಸುತ್ತದೆ. ಇದು ಬ್ರೆಜಿಲ್‌ನ ಜಬೊರಾಂಡಿ ಗಿಡದಿಂದ ಬಂದದ್ದು. 1888ರ ಹ್ಯಾಡನ್ ತನ್ನ ರೋಗಿಗೆ ಕೊಟ್ಟದ್ದೂ ಜಬೊರಾಂಡಿಯನ್ನೇ. ಮೈ ಬೆವರುವುದು ಅದರ ಕಿರಿಕಿರಿ, ಹತೋಟಿಯಲ್ಲಿಲ್ಲದ ಅಸ್ತಮಾ ಇರುವವರಿಗೆ ಅದು ಸಲ್ಲ. ಉಳಿದದ್ದೆಲ್ಲ ದಿನಚರಿಯ ವಿಷಯ: ಫ್ಲೋರೈಡ್ ಇರುವ ಪೇಸ್ಟು, ಆರು ತಿಂಗಳಿಗೊಮ್ಮೆಯಲ್ಲ ಮೂರು ನಾಲ್ಕು ತಿಂಗಳಿಗೊಮ್ಮೆ ಹಲ್ಲಿನ ತಪಾಸಣೆ, ಉರಿಯುವ ಕೆಂಪು ನಾಲಗೆಗೆ ಶಿಲೀಂಧ್ರನಾಶಕ ಔಷಧಿ, ಗುಟುಕು ಗುಟುಕಾಗಿ ನೀರು.

ಸಭೆಯಿಂದ ಬಂದ ಪ್ರಶ್ನೆಯೊಂದು ಒಳ್ಳೆಯದಾಗಿತ್ತು: ಎಲೆ ಅಡಿಕೆ ಹಾಕಿದರೆ ಬಾಯಿ ತುಂಬ ಜೊಲ್ಲು ಬರುತ್ತದೆ, ಒಣಬಾಯಿಯವರು ಅದನ್ನೇ ಏಕೆ ಮಾಡಬಾರದು? ಜೊಲ್ಲು ಬರುವುದು ನಿಜ, ಅದಕ್ಕೆ ಶಾಸ್ತ್ರೀಯ ಕಾರಣವೂ ಇದೆ. ಅಡಿಕೆಯಲ್ಲಿರುವ ಅರೆಕೋಲಿನ್ ಪೈಲೋಕಾರ್ಪಿನ್ ಹಾಗೆಯೇ ಜೊಲ್ಲಿನ ನರಗಳ ಗ್ರಾಹಕವನ್ನು ತಟ್ಟುತ್ತದೆ. ಆ ಲೆಕ್ಕದಲ್ಲಿ ಶಿವಮೊಗ್ಗದ ತೋಟದಲ್ಲಿ ಬೆಳೆಯುವುದು ಬ್ರೆಜಿಲ್‌ನ ಗಿಡದ ದಾಯಾದಿ ಔಷಧಿ. ಆದರೆ ಪೈಲೋಕಾರ್ಪಿನ್‌ಗೆ ಇಲ್ಲದ ಗುಣವೊಂದು ಅಡಿಕೆಗಿದೆ. ಅದು ಬಾಯಿಯ ಒಳಪದರವನ್ನು ನಾರುಗಟ್ಟಿಸಿ ಬಾಯಿ ತೆರೆಯದಂತೆ ಮಾಡುತ್ತದೆ, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೊಗೆಸೊಪ್ಪು ಸೇರಿಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗದಲ್ಲಿ ಇಟ್ಟಿದೆ. ಜೊಲ್ಲಿನ ರಕ್ಷಣೆಯಿಲ್ಲದ, ಒಣಗಿ ಬಿರಿದ ಬಾಯಿಗೆ ಅದನ್ನು ಹಾಕುವುದು ಬೇಡ. ನಿಂಬೆ ಹುಣಸೆಗಳೂ ಜೊಲ್ಲು ತರಿಸುತ್ತವೆ, ಆದರೆ ದಿನವಿಡೀ ಚೀಪಿದರೆ ಅವುಗಳ ಹುಳಿ ಹಲ್ಲನ್ನು ಸವೆಸುತ್ತದೆ. ಏನನ್ನಾದರೂ ಅಗಿಯಲೇಬೇಕೆಂದಿದ್ದರೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಸಾಕು. ಅಗಿಯುವ ಚಲನೆಗೇ ಗ್ರಂಥಿ ಉಳಿದಷ್ಟು ಜೊಲ್ಲನ್ನು ಬಿಡುತ್ತದೆ.